ತಟಸ್ಥ ಹಡಗಿನ ಅರ್ಧ ಹಾಡು

ಪೋರ್ಟ್ ಸಯೀದಿನಲ್ಲಿ ಮಳೆ ಅಪರೂಪ. ಬಂದರೆ ಊರಿನವರು ಅದು ಸರ್ಕಾರದ ತಪ್ಪೆಂಬಂತೆ ಬೈಯುತ್ತ ಹತ್ತಿರದ ಕಾಫಿ ಅಂಗಡಿಗೆ ನುಗ್ಗುತ್ತಾರೆ. ಆ ಮಧ್ಯಾಹ್ನವೂ ಹಾಗೇ ಒದ್ದೆ ನಿಲುವಂಗಿಗಳೂ ಹುಕ್ಕಾದ ಹೊಗೆಯೂ ಸೇರಿ ನಾವು ಕೂತಿದ್ದ ಅಂಗಡಿ ತುಂಬಿತ್ತು. ಯಾವುದೋ ಯುದ್ಧದಲ್ಲಿ ಯಾವುದೋ ದೇಶ ತಟಸ್ಥವಾಗಿರುತ್ತದೆ ಎಂದು ರೇಡಿಯೊ ಹೇಳಿತು. ಒಂದು ಕಾಲಕ್ಕೆ ಬಂದರಿನಲ್ಲಿ ಕಲ್ಲಿದ್ದಲು ಹೊತ್ತಿದ್ದ ಮುದುಕ ಶಾಜ್ಲಿ ಲೋಟವನ್ನು ಮೇಜಿಗೆ ಕುಕ್ಕಿದ.

“ತಟಸ್ಥವಂತೆ! ತಟದಲ್ಲಿ ನಿಂತೋರು ಅವರು, ಮುಳುಗೋರು ನಾವು!”

“ಯಾಕೆ ಚಿಕ್ಕಪ್ಪಾ ಇಷ್ಟು ಉರ್ಕೊಳ್ತೀರಿ?” ಎಂದು ಕ್ಷೌರಿಕ ಝಕಿ ಕೆಣಕಿದ. “ನಿಮ್ಮನ್ನ ಕೇಳಿ ಹೇಳಬೇಕಿತ್ತಾ?”

“ನಿನ್ನ ಕತ್ತರಿ ನಾಲಿಗೆ ಒಳಗಿಟ್ಕೊ. ಕೇಳಿ ಮಕ್ಕಳಾ... ಆ ಮೊದಲನೇ ದೊಡ್ಡ ಯುದ್ಧದ ಎರಡನೇ ವರ್ಷ. ನಾನೂ ನನ್ನಣ್ಣ ದರ್ದೀರೂ ಒಂದೇ ತಂಡ. ಹಡಗಿನ ಹೊಟ್ಟೇಲಿ ಕಲ್ಲಿದ್ದಲ ಗೂಡು ಇರುತ್ತಲ್ಲ, ಅಣ್ಣ ಅದರೊಳಗಿಳಿದು ಸಲಿಕೇಲಿ ಹರಡೋನು, ನಾವು ಹಲಗೆ ಹತ್ತಿ ಮೇಲಿನ ಬಾಯಿಂದ ಬುಟ್ಟಿ ಸುರಿಯೋರು. ಗೂಡೂ ಕಪ್ಪು, ಅಣ್ಣನೂ ಕಪ್ಪು, ಮೇಲೆ ದೂಳು ಬೇರೆ... ಅವನೆಲ್ಲಿದಾನೆ ಅಂತ ಕಣ್ಣಿಗೆ ಹೇಗಪ್ಪಾ ಗೊತ್ತಾಗಬೇಕು? ಅದಕ್ಕೇ ಹಾಡು. ಮೇಲಿಂದ ನಾನು ‘ದೊರೆಗಳ ಒಲೆ ಉರಿಯಲಿ’ ಅಂತ ಎತ್ತಬೇಕು, ಕೆಳಗಿಂದ ಅವನು ‘ಅವರ ಗಡ್ಡವೂ ಉರಿಯಲಿ’ ಅಂತ ಮುಗಿಸಬೇಕು. ಮುಗಿಸಿದ ಅಂದ್ರೆ ಪಕ್ಕಕ್ಕೆ ಸರಿದಿದಾನೆ, ಸುರೀಬಹುದು. ದನಿ ಬರಲಿಲ್ಲವೋ, ಎತ್ತಿದ ಬುಟ್ಟಿ ಎತ್ತಿದ ಹಾಗೇ ನಿಲ್ಲಬೇಕು.

“ಆಗ ಬಂತು ನೋಡಿ, ಯಾರ ಪರವೂ ಇಲ್ಲದ ದೇಶದ ಒಂದು ಯುದ್ಧನೌಕೆ. ಯುದ್ಧ ಮಾಡದೋರಿಗೆ ಅಷ್ಟು ದೊಡ್ಡ ತೋಪು ಯಾಕೋ! ಸಂಜೆಯೊಳಗೆ ಕಲ್ಲಿದ್ದಲು ತುಂಬಿಸ್ಕೊಂಡು ಹೊರಡಿ ಅಂತ ಬಂದರಿನ ಇಂಗ್ಲಿಷರು ಗಡುವು ಕೊಟ್ಟಿದ್ರು. ನಾವು ಹಾಡು ಶುರು ಮಾಡಿದ್ವಿ. ದುಭಾಷಿ ಅನ್ನೋ ಪುಣ್ಯಾತ್ಮ ಅದರ ಅರ್ಥಾನ, ದೊರೆಗಳಂದ್ರೆ ಇಂಗ್ಲಿಷರು ಅಂತ, ಹಡಗಿನ ಅಧಿಕಾರಿಗೆ ಹೇಳಿಬಿಟ್ಟ. ಅಧಿಕಾರಿ ಬೆಚ್ಚಿಬಿದ್ದ. ‘ಇಂಗ್ಲಿಷರ ಗಡ್ಡದ ವಿಷಯದಲ್ಲಿ ನಮ್ಮ ದೇಶ ಯಾರ ಪಕ್ಷವನ್ನೂ ವಹಿಸಿಲ್ಲ. ನಮ್ಮ ಹಡಗಿನ ಮೇಲೆ ಈ ಹಾಡು ಕೂಡದು, ಬಾಯಿಬಿಟ್ಟೋನು ಕೆಳಗಿಳೀಬೇಕು’ ಅಂದ. ‘ಹಾಡಿಲ್ಲದೆ ಸುರಿದ್ರೆ ಒಳಗಿರೋನು ಸಾಯ್ತಾನೆ ಸ್ವಾಮಿ’ ಅಂತ ನಮ್ಮ ಮೇಸ್ತ್ರಿ ಕೈಮುಗಿದ. ಕೇಳಿದ್ನಾ ಅವನು?... ನಾನಾದ್ರೂ ಏನು ಮಾಡಿದೆ? ಬಾಯಿಮುಚ್ಕೊಂಡು ಸುರಿದೆ. ನನ್ನ ಕೈಯಾರೆ ಸುರಿದೆ...

“ಕೆಲಸ ಮುಗೀತು. ಎಲ್ಲರೂ ಹಡಗಿಂದ ಇಳಿದ್ರು, ಅಣ್ಣ ಇಳೀಲಿಲ್ಲ. ಅಗೆದು ತೆಗೀರಿ ಅಂತ ಆ ಅಧಿಕಾರಿ ಕಾಲು ಹಿಡಿದೆ. ಅಗೆದ್ರೆ ಗಡುವು ತಪ್ಪುತ್ತಲ್ಲ! ‘ಅವನು ಇಳಿದ ಅಂತ ನಮ್ಮೋರು ಅಂತಾರೆ, ಇಳೀಲಿಲ್ಲ ಅಂತ ನೀನಂತೀಯ. ಈ ಜಗಳದಲ್ಲೂ ನಾವು ತಟಸ್ಥರು’ ಅಂದ ಕಣ್ರಯ್ಯಾ, ಕೈಗವಸು ಕೊಡವಿಕೊಳ್ತಾ! ನನ್ನಣ್ಣನ್ನ ಹೊಟ್ಟೇಲಿಟ್ಕೊಂಡು, ಬ್ಯಾಂಡು ಬಾರಿಸ್ಕೊಂಡು ಹೋದ್ರು.”

ಶಾಜ್ಲಿ ತಣ್ಣಗಾದ ಚಹಾ ಕುಡಿದ. ಝಕಿ ಅವನಿಗೆ ಇನ್ನೊಂದು ಲೋಟ ತರಿಸಿದ.

“ಮೂರು ತಿಂಗಳಿಗೆ ಅದೇ ಹಡಗು ವಾಪಸ್ ಬಂತು. ಗೂಡು ಖಾಲಿ. ಅಣ್ಣನ ಒಂದು ಎಲುಬೂ ಸಿಗಲಿಲ್ಲವಂತೆ. ಹಾಡು ಮಾತ್ರ ಇತ್ತು. ಖಾಲಿ ಗೂಡಿನ ಬಾಯಿಂದ ದಿನಾ ಅರ್ಧ ಹಾಡು... ಯಾರೋ ನಾವಿಕ, ಆವತ್ತು ನಮ್ಮಿಂದ ಕೇಳಿದ ಹಾಡು ಬಾಯಿಗೆ ಹತ್ತಿತ್ತು, ಒಳಗೆ ಕಸ ಗುಡಿಸ್ತಾ ತಮಾಷೆಗೆ ಉಳಿದರ್ಧ ಮುಗಿಸಿದ. ಹೋಗಿ ನೋಡಿದ್ರೆ ಅವನು ಸತ್ತು ಬಿದ್ದಿದ್ದ, ಗಂಟಲವರೆಗೂ ಕಲ್ಲಿದ್ದಲು. ಆ ಖಾಲಿ ಗೂಡಲ್ಲಿ ಅದೆಲ್ಲಿಂದ ಬಂತು, ಹೇಳಿ?

“ಅದೇ ಅಧಿಕಾರಿ ಟೊಪ್ಪಿಗೆ ಕೈಲಿ ಹಿಡ್ಕೊಂಡು, ನಿನ್ನಣ್ಣನ್ನ ಸುಮ್ಮನಾಗಿಸು ಅಂತ ನನ್ನ ಮನೆ ಬಾಗಿಲಿಗೆ ಬಂದ. ಬೈದೆ, ಉಗಿದೆ, ಆಮೇಲೆ ಹೋದೆ... ನನ್ನಣ್ಣ ಅಲ್ವಾ? ಹಾಡಹಗಲೇ ಗೂಡಿಗಿಳಿದೆ. ತಲೆ ಮೇಲಿಂದ ಬಂತು ಅಣ್ಣನ ದನಿ. ‘ದೊರೆಗಳ ಒಲೆ ಉರಿಯಲಿ’... ಅರ್ಥ ಆಯ್ತಾ? ಈಗ ಅವನು ಮೇಲೆ, ನಾನು ಕೆಳಗೆ. ನನ್ನ ಉತ್ತರಕ್ಕೆ ಕಾಯ್ತಿದ್ದ. ನಾಲಿಗೆ ಕಚ್ಚಿಕೊಂಡು, ಬಾಯ್ತುಂಬ ರಕ್ತ ತುಂಬ್ಕೊಂಡು ಹತ್ತಿ ಬಂದೆ. ‘ಅವನ ದ್ವೇಷ ಯಾರ ಮೇಲೆ? ನಮ್ಮದೇನೂ ತಪ್ಪಿಲ್ಲ ಅಂತ ಹೇಳಿದೆಯಾ?’ ಅಂತ ಕೇಳಿದ ಆ ಬಡ್ಡೀಮಗ. ‘ಸ್ವಾಮಿ, ಅವನೀಗ ಯಾರ ಪಕ್ಷವೂ ಅಲ್ಲ. ತಮ್ಮ ಆದ್ರೂ ಅಷ್ಟೇ, ನೀವಾದ್ರೂ ಅಷ್ಟೇ. ಉತ್ತರ ಕೊಟ್ಟೋನ ಮೇಲೆ ಸುರೀತಾನೆ’ ಅಂದೆ.

“ಆ ಹಡಗು ಗುಜರಿಗೆ ಹೋಯ್ತು. ಅಧಿಕಾರಿ ಪದಕ ಹಾಕ್ಕೊಂಡು ಹಾಸಿಗೇಲಿ ಸತ್ತನಂತೆ, ಅದಕ್ಕೇ ನನಗೆ ಉರಿಯೋದು! ಈಗಿನ ಹಡಗುಗಳು ಎಣ್ಣೆ ಕುಡೀತವೆ, ಅಣ್ಣನಿಗೆ ಗೂಡಿಲ್ಲ, ದಡಕ್ಕಿಳಿದಿದಾನೆ. ಹೋದ ಶುಕ್ರವಾರ ನಮಾಜು ಮುಗಿಸಿ ಬರ್ತಿದ್ದೆ, ಇಲ್ಲೇ ಆಚೆ ಮತ್ತೆ ಎತ್ತಿದ. ನಾನು ತುಟಿ ಬಿಚ್ಚಲಿಲ್ಲ. ಆದ್ರೆ ಈ ಅಂಗಡಿ ಒಳಗಿಂದ ಯಾರೋ ಉಳಿದರ್ಧ ಗುನುಗಿದ್ರು. ಬುಟ್ಟಿ ಇನ್ನೂ ಬಿದ್ದಿಲ್ಲ...”

ಅವನು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದ.

“ಯಾರಪ್ಪಾ ಅದು? ನಾಚಿಕೆ ಬೇಡ, ಹೇಳಿ. ನಾನು ಎದ್ದು ಬೇರೆ ಬೆಂಚಿಗೆ ಹೋಗ್ತೀನಿ, ಅಷ್ಟೇ.”