ಹಿಂದೆ ನಿಂತು ಹಿಡಿದವನು

ಲೈಟ್ ಆರಿಸಬೇಡಿ, ಉರೀತಾ ಇರಲಿ. ಇದು ಅಲ್ಲಿ ಇಲ್ಲಿ ಕೇಳಿದ್ದಲ್ಲ. ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು. ಆರಡಿ ಮೂರಂಗುಲದ ಆಳು, ಮನೆಯವರೆಲ್ಲರ ಬಾಯಲ್ಲೂ ಅವನು ಏಣಿಯಣ್ಣ. ಅಟ್ಟದ ಮೇಲಿನ ಟ್ರಂಕು ಇಳಿಸೋಕೂ ಅವನೇ, ಫ್ಯಾನಿನ ಧೂಳು ಒರೆಸೋಕೂ ಅವನೇ. ಹೆದರೋ ಪೈಕಿ ಅಲ್ಲ. ಸುಳ್ಳು ಹೇಳೋಕಂತೂ ಬರಲ್ಲ, ಹೇಳಿದರೆ ಮುಖ ಕೆಂಪಾಗಿ ಸಿಕ್ಕಿಬೀಳ್ತಾನೆ.

ಅವತ್ತು ಬೆಳಗಿನ ಜಾವ ಮೂರೂವರೆ. ಒಬ್ಬನೇ ನಡ್ಕೊಂಡು ಮನೆಗೆ ಬರ್ತಿದ್ದ. ಓಣಿಯ ತಿರುವಿನಲ್ಲಿ ಒಂದು ಹಳೇ ಬಾವಿ ಇದೆ, ಬಾಯಿಗೆ ತಗಡು ಮುಚ್ಚಿದಾರೆ. ಗಾಳಿಗೆ ತಗಡು ಏಳೋದು, ಬೀಳೋದು... ಡಬ್... ಡಬ್... ಅವನಿಗೆ ಅದು ಎಡಗಿವಿಗೆ ಮಾತ್ರ ಕೇಳಿಸ್ತಿತ್ತು. ಬಲಗಿವಿಯಲ್ಲಿ ಬರೀ ಗುಂಯ್ ಅಂತ ಒಂದೇ ಸದ್ದು. ಬಾವಿ ಪಕ್ಕದ ನಲ್ಲಿಯಲ್ಲಿ ಕೈ ತೊಳೆಯೋಕೆ ನೋಡಿದ. ಬಲಗೈ ಮುಷ್ಟಿ ಬಿಚ್ಚಲೇ ಇಲ್ಲ.

ಅತ್ತಿಗೆ ಬಾಗಿಲು ತೆಗೆದರು. ಅಂಗಿ ನೋಡಿದರು. ಕೂಗಲಿಲ್ಲ, ಒಳಗೆ ಮಕ್ಕಳು ಮಲಗಿದ್ದರು.

"ಯಾರದು ರಕ್ತ?"

"ಅರ್ಧ ನಂದು."

"ಇನ್ನರ್ಧ?"

ಅವನು ಮುಷ್ಟಿ ಮುಂದೆ ಚಾಚಿದ. ಅತ್ತಿಗೆ ಒಂದೊಂದೇ ಬೆರಳು ಬಿಡಿಸಿದರು. ಒಳಗೆ ಯಾರದೋ ಅಂಗಿಯ ತೋಳಿನ ತುಂಡು... ಗುಂಡಿ ಸಮೇತ.

ಆದದ್ದು ಇಷ್ಟು.

ಏಣಿಯಣ್ಣನ ಕೆಲಸ ಸರ್ವರ್ ರೂಮುಗಳಲ್ಲಿ ರ‍್ಯಾಕ್ ಜೋಡಿಸೋದು. ರ‍್ಯಾಕ್ ಅಂದ್ರೆ ಬಾಗಿಲಿಲ್ಲದ ಕಬ್ಬಿಣದ ಬೀರು ಅಂತಿಟ್ಕೊಳ್ಳಿ, ಅವನಿಗಿಂತಲೂ ಎತ್ತರ. ನಾಲ್ಕು ಮೂಲೆಗೆ ನಾಲ್ಕು ಕಂಬ, ಕಂಬದ ಉದ್ದಕ್ಕೂ ಚೌಕದ ತೂತು. ಆ ತೂತಿಗೆ ಸಣ್ಣ ನಟ್ಟು ಒತ್ತಿ ಕೂರಿಸಬೇಕು. ಸರಿಯಾಗಿ ಕೂತರೆ ಟಿಕ್ ಅನ್ನುತ್ತೆ, ಜಾರಿದರೆ ಬೆರಳು ಸೀಳುತ್ತೆ. ಆಮೇಲೆ ನೆಟ್‌ವರ್ಕ್ ಸ್ವಿಚ್ಚು, ಅಂದ್ರೆ ಕೇಬಲ್ಲುಗಳೆಲ್ಲ ಬಂದು ಸೇರೋ ಪೆಟ್ಟಿಗೆ, ಬ್ಯಾಟರಿ ಎಲ್ಲಾ ಅದರೊಳಗೆ ಅಂತಸ್ತು ಅಂತಸ್ತಾಗಿ ಕೂರುತ್ತೆ. ಹದಿನಾಲ್ಕು ವರ್ಷದಿಂದ ಅವನದು ಒಂದೇ ಹಠ. ಮೊದಲು ರ‍್ಯಾಕನ್ನ ಬೋಲ್ಟ್ ಹಾಕಿ ನೆಲಕ್ಕೆ ಕಚ್ಚಿಸಬೇಕು. ಭಾರದ್ದೆಲ್ಲ ತಳಕ್ಕೆ. ದೊಡ್ಡ ಪೆಟ್ಟಿಗೆ ಎತ್ತೋಕೆ ನಾಲ್ಕು ಕೈ. ಇದರಲ್ಲಿ ಒಂದು ತಪ್ಪಿದರೂ ಅವನು ಚೀಲ ಹೆಗಲಿಗೇರಿಸಿ ಎದ್ದು ಬರೋನೇ.

ಆ ರಾತ್ರಿಯ ಕೆಲಸ ಒಂದು ಕೋಲ್ಡ್ ಸ್ಟೋರೇಜಿನ ನೆಲಮಾಳಿಗೆಯಲ್ಲಿ. ಹಗಲೆಲ್ಲ ಲಾರಿ ಓಡಾಡುತ್ತೆ, ನೆಟ್‌ವರ್ಕ್ ನಿಲ್ಲಿಸೋ ಹಾಗಿಲ್ಲ. ಹಾಗಾಗಿ ಹನ್ನೊಂದಕ್ಕೆ ಶುರು, ಬೆಳಗ್ಗೆ ಆರಕ್ಕೆ ಮುಗೀಬೇಕು. ಜೊತೆಗಿರಬೇಕಾದ ಫಿಟ್ಟರ್‌ಗೆ ಜ್ವರ. ಕಂಟ್ರಾಕ್ಟರ್ ತಾನೇ ಬಂದ. ಇಸ್ತ್ರಿ ಮಾಡಿದ ಉದ್ದ ತೋಳಿನ ಅಂಗಿ, ಕಿವಿಗೆ ಫೋನು. "ನಾನಿದೀನಲ್ಲ, ಇಬ್ಬರಾದ್ವಲ್ಲ" ಅಂದ.

ಕೆಳಗಿಳಿದರೆ ಚಳಿ. ಹಳೇ ಮೆಷೀನುಗಳ ಫ್ಯಾನು ಗುಯ್ಯ್ ಅಂತ ತಿರುಗ್ತಾ ಇದೆ. ಹೊಸ ರ‍್ಯಾಕ್ ಗೋಡೆಯಿಂದ ಒಂದು ಗೇಣು ಬಿಟ್ಟು ನಿಂತಿದೆ. ಅದರ ಮುಂದೆ ನೆಲದ ಮೇಲೆ ಚಾಪೆಯಷ್ಟಗಲ ಬೂದು ಬಣ್ಣ ಬಳಿದಿದ್ದಾರೆ, ಉಳಿದ ನೆಲ ಹಾಗೇ ಇದೆ.

"ಇದೇನು?"

"ಬಣ್ಣ ಚೆಲ್ಲಿತ್ತು. ಕೆಲಸ ನೋಡು."

ಏಣಿಯಣ್ಣ ರ‍್ಯಾಕಿನ ಬುಡ ನೋಡಿದ. ಬೋಲ್ಟ್ ಇಲ್ಲ.

"ಡ್ರಿಲ್ ತರಲಾ?"

"ಧೂಳೆದ್ದರೆ ಮೆಷೀನ್ ಕೆಡುತ್ತೆ. ಮೊದಲು ಸಣ್ಣ ಪುಟ್ಟದ್ದು ಹಾಕು, ಆಮೇಲೆ ನೋಡೋಣ."

ಹಗುರದವು ತಾನೇ ಅಂತ ಇವನು ಒಪ್ಪಿಕೊಂಡ. ಅದೊಂದು ತಪ್ಪು ಮಾಡಿದೆ ಅಂತ ಈಗಲೂ ಹೇಳ್ತಾನೆ. ನಟ್ಟು ಕೂರಿಸ್ತಾ ಹೋದ. ಟಿಕ್... ಟಿಕ್... ಟಿಕ್... ಹನ್ನೆರಡೂವರೆ ಹೊತ್ತಿಗೆ ಒಂದು ದೊಡ್ಡ ಸ್ವಿಚ್ಚು ಬಂತು. ಒಬ್ಬನ ಕೈಯಲ್ಲಿ ಎತ್ತಬಹುದು, ಆದರೆ ಸ್ಕ್ರೂ ಹಾಕೋವಾಗ ಇನ್ನೊಬ್ಬ ಹಿಡೀಬೇಕು. "ಸ್ವಲ್ಪ ಕೈ ಕೊಡಿ" ಅಂದು ಎತ್ತಿ ಒಳಗೆ ತೂರಿಸಿದ. ಆ ಕಡೆ ತುದಿ ತಟ್ಟನೆ ಹಗುರಾಯ್ತು. ಯಾರೋ ಹಿಡಿದರು.

"ಹಿಡ್ಕೊಂಡಿದೀನಿ... ನೀನು ಹಾಕು." ಪಿಸುಮಾತು.

ಸ್ಕ್ರೂ ತಿರುಗಿಸಿದ. ಕಿರ್... ಕಿರ್... ಕಿರ್... ನಾಲ್ಕೂ ಬಿಗಿಯಾದ ಮೇಲೆ, "ಬಿಡಿ, ಆಯ್ತು" ಅಂದ.

ಆಗ ಕಂಟ್ರಾಕ್ಟರ್‌ನ ಗಂಟಲು ಕೇಳಿಸ್ತು. ಮೆಟ್ಟಿಲ ಮೇಲಿಂದ. ಫೋನಲ್ಲಿ ಯಾರಿಗೋ ಬೈತಾ ಇದ್ದ.

ಏಣಿಯಣ್ಣ ಬಗ್ಗಿ ರ‍್ಯಾಕಿನ ಹಿಂದೆ ಟಾರ್ಚ್ ಬಿಟ್ಟ. ಒಂದು ಗೇಣು ಜಾಗ, ಅಷ್ಟೇ. ಬೆಕ್ಕು ನಿಲ್ಲಬಹುದು, ಮನುಷ್ಯ ನಿಲ್ಲೋಕಾಗಲ್ಲ.

ಒಂದು ಗಂಟೆಗೆ ಇಬ್ಬರೂ ಮೇಲೆ ಹೋಗಿ ವಾಚ್‌ಮನ್ ಕೋಣೆಯಲ್ಲಿ ಟೀ ಕುಡಿದರು. ಇವನು ಮೆಲ್ಲಗೆ ವಾಚ್‌ಮನ್‌ನ ಕೇಳಿದ, "ಕೆಳಗೆ ಇನ್ಯಾರಾದ್ರೂ ಇದಾರಾ?" ವಾಚ್‌ಮನ್ ಒಮ್ಮೆ ಕಂಟ್ರಾಕ್ಟರ್ ಮುಖ ನೋಡಿದ, ಒಮ್ಮೆ ಲೋಟ ನೋಡಿದ. "ಇಲ್ಲ" ಅಂದ. ಕಂಟ್ರಾಕ್ಟರ್ ನಕ್ಕ, "ಏಣಿಗೂ ಭಯವಾ?" ಆ ಮಾತಿಗೆ ಇವನಿಗೆ ನಾಚಿಕೆಯಾಯ್ತು. ನಿದ್ದೆಗೆಟ್ಟ ಕಿವಿ, ಏನೋ ಕೇಳಿಸಿರಬೇಕು ಅಂತ ತನಗೆ ತಾನೇ ಹೇಳಿಕೊಂಡು ಮತ್ತೆ ಇಳಿದ.

ಉಳಿದಿದ್ದು ಬ್ಯಾಟರಿ ಪೆಟ್ಟಿಗೆ. ಎಂಬತ್ತು ಕೆ.ಜಿ. ಅದು ತಳದಲ್ಲಿ ಕೂರಬೇಕು. ಆದರೆ ತಳದ ತುಂಬ ನೆಲದಿಂದ ಮೇಲೆ ಬಂದ ಕೇಬಲ್ಲುಗಳ ಕಟ್ಟು. ಸರಿಸೋಕೆ ಆರು ತಾಸು ಬೇಕು.

"ಮೇಲಿನ ಅಂತಸ್ತಿಗೆ ಹಾಕು" ಅಂದ ಕಂಟ್ರಾಕ್ಟರ್.

"ಬೋಲ್ಟ್ ಇಲ್ಲದ ರ‍್ಯಾಕಿಗೆ ತಲೆಭಾರ ಮಾಡಿದ್ರೆ ಮುಗ್ಗರಿಸುತ್ತೆ. ನಾನು ಹಾಕಲ್ಲ."

"ಹಾಕು ಅಂದೆ."

"ಹೋಗ್ತೀನಿ ನಾನು." ಇವನು ಚೀಲಕ್ಕೆ ಕೈ ಹಾಕಿದ.

ಹಿಂದಿನಿಂದ ಏಟು ಬಿತ್ತು. ಸ್ಪ್ಯಾನರ್. ಬಲಗಿವಿ ಮೇಲೆ... ಠಪ್. ಇವನು ಮಂಡಿಯೂರಿ ಬಿದ್ದ. ಎರಡನೇ ಏಟು ಹೆಗಲಿಗೆ. ಮೂರನೇದಕ್ಕೆ ಇವನು ಕೈ ಅಡ್ಡ ಹಿಡಿದ, ಬೆರಳಿನ ಮೂಳೆ ಲಟಕ್ ಅಂತು. ಕಿವಿಯಿಂದ ಇಳಿದ ಬಿಸಿ ರಕ್ತ ಕಾಲರಿನೊಳಗೆ ಹೋಯ್ತು. ಕಂಟ್ರಾಕ್ಟರ್ ಏದುಸಿರು ಬಿಡ್ತಾ ನಿಂತಿದ್ದ.

"ಅವನೂ ಹಿಂಗೇ ಅಂದ! ಆಮೇಲೆ ತೆಪ್ಪಗೆ ಹಾಕಲಿಲ್ವಾ?"

"ಯಾರು?"

ಕಂಟ್ರಾಕ್ಟರ್ ಸ್ಪ್ಯಾನರ್ ಬಿಸಾಕಿದ. ಪೆಟ್ಟಿಗೆ ಎತ್ತೋ ಗಾಲಿ ಮೇಜು ಅಲ್ಲೇ ಇತ್ತು. ಹ್ಯಾಂಡಲ್ ತಿರುಗಿಸ್ತಾ ಬ್ಯಾಟರಿಯನ್ನ ತಾನೇ ಮೇಲೇರಿಸಿದ. ಕಟಕಟ... ಕಟಕಟ... ತಲೆಯೆತ್ತರಕ್ಕೆ ಬಂದಾಗ ಎರಡೂ ಕೈ ಕೊಟ್ಟು ಒಳಗೆ ತಳ್ಳಿದ. ಅರ್ಧ ಹೋಗಿ ನಿಂತಿತು. ಇನ್ನೊಮ್ಮೆ ತಳ್ಳಿದ. ಈ ಸಲ ಪೆಟ್ಟಿಗೆ ತಾನಾಗೇ ಸರ್... ಅಂತ ಒಳಗೆ ಸರಿಯಿತು. ಹಿಂದಿನಿಂದ ಯಾರೋ ಎಳೆದ ಹಾಗೆ.

"ಹಾಂ, ಹಂಗೆ ಹಿಡ್ಕೋ. ಈಗ ಬುದ್ಧಿ ಬಂತಾ ನಿಂಗೆ?" ಅಂದ ಕಂಟ್ರಾಕ್ಟರ್.

"ನಾನಿಲ್ಲಿದೀನಿ" ಅಂದ ಏಣಿಯಣ್ಣ. ನೆಲದ ಮೇಲಿಂದ.

ಕಂಟ್ರಾಕ್ಟರ್ ತಲೆ ತಗ್ಗಿಸಿ ನೋಡಿದ. ಕಾಲ ಹತ್ತಿರವೇ ಕಿವಿ ಹಿಡ್ಕೊಂಡು ಕೂತಿದ್ದ ಇವನನ್ನ ನೋಡಿದ. ಆಮೇಲೆ ನಿಧಾನಕ್ಕೆ ಪೆಟ್ಟಿಗೆ ಕಡೆ ಮುಖ ತಿರುಗಿಸಿದ.

"ಮತ್ತೆ... ಹಿಂದೆ..."

ಫ್ಯಾನುಗಳು ಒಟ್ಟಿಗೆ ನಿಂತವು. ಅಷ್ಟು ಹೊತ್ತು ಗುಯ್ಯ್ ಅಂತಿದ್ದ ಕೋಣೆ ಒಂದೇ ಕ್ಷಣಕ್ಕೆ ಸತ್ತ ಹಾಗೆ... ಆಗ ಕಂಬದ ಪಕ್ಕದಿಂದ ನಾಲ್ಕು ಬೆರಳು ಹೊರಗೆ ಬಂದವು. ಉಗುರು ಕಪ್ಪು. ಎರಡು ಬೆರಳಿಗೆ ಚರ್ಮ ಇರಲಿಲ್ಲ. ಅವು ಕಂಟ್ರಾಕ್ಟರ್‌ನ ಮಣಿಕಟ್ಟು ಹಿಡಿದವು.

ಅವನ ಕೂಗಿಗೆ ಇವನ ಒಳ್ಳೆಯ ಕಿವಿಯೂ ಗುಂಯ್ ಅಂತು. ಕೈ ಮೊಣಕೈ ತನಕ ಒಳಗೆ ಹೋಯ್ತು. ಆಮೇಲೆ ಹೆಗಲ ತನಕ. ಕಬ್ಬಿಣದ ಅಂಚಿಗೆ ತೋಳು ಸೀಳಿ ರಕ್ತ ಕಂಬದ ತೂತುಗಳಿಂದ ಒಂದೊಂದಾಗಿ ಇಳಿಯಿತು. ರ‍್ಯಾಕ್ ಅಲ್ಲಾಡೋಕೆ ಶುರುವಾಯ್ತು. ಮುಂದೆ... ಹಿಂದೆ... ಮುಂದೆ... ಬುಡ ನೆಲಕ್ಕೆ ಬಡೀತಿತ್ತು, ಧಡ್... ಧಡ್...

ಖಾಲಿ ಅಂತಸ್ತುಗಳ ಸಂದಿಯಿಂದ ಏಣಿಯಣ್ಣನಿಗೆ ಕಾಣಿಸ್ತು. ಆ ಒಂದು ಗೇಣು ಜಾಗದಲ್ಲಿ ಒಬ್ಬ ನಿಂತಿದ್ದ. ಫಿಟ್ಟರ್ ಅಂಗಿ. ಎದೆ ಇರಬೇಕಾದ ಕಡೆ ತಟ್ಟೆಯ ಹಾಗೆ ಚಪ್ಪಟೆ. ಅಷ್ಟು ಚಪ್ಪಟೆ ಇದ್ದಿದ್ದಕ್ಕೇ ಅಲ್ಲಿ ನಿಲ್ಲೋಕಾಗಿತ್ತು.

"ಹೇಳು" ಅಂತು ಅದು. ಅದೇ ಪಿಸುಮಾತು.

"ಬೋಲ್ಟ್ ಇರಲಿಲ್ಲ! ರ‍್ಯಾಕ್ ಅವನ ಮೇಲೆ ಬಿದ್ದಾದ ಮೇಲೆ ಹಾಕಿದ್ದು ನಾನು!" ಕಂಟ್ರಾಕ್ಟರ್ ಕಿರುಚಿದ. "ಇನ್ನೂ ಉಸಿರಿತ್ತು ಅವನಿಗೆ... ನಾನು ಮೊದಲು ಬೋಲ್ಟ್ ಹಾಕ್ದೆ... ಅವನದೇ ತಪ್ಪು ಅಂತ ಬರೆಸ್ದೆ..."

ಏಣಿಯಣ್ಣನ ಜಾಗದಲ್ಲಿ ನಾವಾಗಿದ್ದರೆ ಓಡಿಹೋಗ್ತಿದ್ವಿ. ಅವನು ಎದ್ದ. ಎಡಹೆಗಲು ಕೊಟ್ಟು ರ‍್ಯಾಕ್ ತಡೆದ, ಮುರಿದ ಬೆರಳಿನ ಬಲಗೈಯಲ್ಲೇ ಕಂಟ್ರಾಕ್ಟರ್‌ನ ಅಂಗಿ ತೋಳು ಹಿಡಿದು ಹೊರಗೆ ಎಳೆದ. ತನ್ನ ಕಿವಿ ಹರಿದವನನ್ನೇ! ಯಾಕೆ ಅಂತ ಕೇಳಿದರೆ, "ಮೇಲಿಂದ ಭಾರ ಬೀಳ್ತಿದೆ, ಕೆಳಗೆ ಮನುಷ್ಯ ಇದಾನೆ. ಇನ್ನೇನು ಮಾಡೋದು?" ಅಂತಾನೆ.

"ನೀನು ಸರಿ" ಅಂತು ಅದು.

"ಬಿಡಪ್ಪಾ. ಹೇಳಿಬಿಟ್ಟನಲ್ಲ. ಸಾಕು ಬಿಡು."

ಹಿಡಿತ ಕೊಂಚ ಸಡಿಲಾಯ್ತು. ಬಿಡುತ್ತೆ ಅಂತಲೇ ಇವನಿಗೆ ಅನ್ನಿಸ್ತಂತೆ.

"ಒಬ್ಬನೇ ಎತ್ತಲಿ" ಅಂತು.

ಎದೆಗೆ ಒಂದು ಗುದ್ದು ಬಿತ್ತು. ಏಣಿಯಣ್ಣ ಹಾರಿ ಎದುರು ಗೋಡೆಗೆ ಬಡಿದ. ಕೈಯಲ್ಲಿದ್ದ ತೋಳು ಪರ್ರ್ ಅಂತ ಹರಿದು ಬಂತು. ಬ್ಯಾಟರಿ ಪೆಟ್ಟಿಗೆ ಡ್ರಾಯರ್ ಎಳೆದ ಹಾಗೆ ಪೂರ್ತಿ ಮುಂದಕ್ಕೆ ಸರಿಯಿತು, ಅದರ ಹಿಂದೆಯೇ ಇಡೀ ರ‍್ಯಾಕ್. ಮೊದಲು ಕಬ್ಬಿಣ ನರಳಿದ ಸದ್ದು. ಆಮೇಲೆ ಧಡಾರ್. ಆಮೇಲೆ ಒಂದು ಸಣ್ಣ ಸದ್ದು, ಒಣ ಕಡ್ಡಿ ಮುರಿದ ಹಾಗೆ... ಅದು ದವಡೆ.

ಫ್ಯಾನುಗಳು ಮತ್ತೆ ತಿರುಗಿದವು. ಬೂದು ಬಣ್ಣದ ಚಾಪೆಯಷ್ಟಗಲ ಜಾಗದಲ್ಲೇ ಕಂಟ್ರಾಕ್ಟರ್ ಬಿದ್ದಿದ್ದ. ಮುಖದ ಕೆಳಗಿನ ಅರ್ಧ ಪೆಟ್ಟಿಗೆಯ ಅಡಿಗೆ. ಕಣ್ಣು ಮಾತ್ರ ಅಲ್ಲಾಡ್ತಿತ್ತು.

ಏಣಿಯಣ್ಣ ಮೆಟ್ಟಿಲು ಹತ್ತಿ ಓಡಿದ. ಫೋನ್ ಮಾಡಬೇಕು, ಯಾರನ್ನಾದರೂ ಕೂಗಬೇಕು... ಬಾಗಿಲು ತಳ್ಳಿದರೆ ಹೊರಗೆ ಆಂಬುಲೆನ್ಸ್ ನಿಂತಿದೆ. ಹಿಂದಿನ ಬಾಗಿಲು ತೆಗೆದೇ ಇದೆ, ಇಬ್ಬರು ಸ್ಟ್ರೆಚರ್ ಇಳಿಸ್ತಿದಾರೆ. ವಾಚ್‌ಮನ್ ಕರೆಸಿರಬೇಕು ಅಂದ್ಕೊಂಡ. ಆ ಇಬ್ಬರು, ವಾಚ್‌ಮನ್, ಇವನು, ನಾಲ್ವರೂ ಸೇರಿ ರ‍್ಯಾಕ್ ಎತ್ತಿದರು. ಅವನನ್ನ ಸಾಗಿಸಿದ ಮೇಲೆ ಇವನು ಏನೂ ತೋಚದೆ ಮನೆ ಕಡೆ ನಡೆದುಬಿಟ್ಟ.

ಬೆಳಗ್ಗೆ ಪೊಲೀಸರು ಬಂದರು. ಸ್ಪ್ಯಾನರ್ ಮೇಲೆ ರಕ್ತ, ಇವನ ಮನೆಯಲ್ಲಿ ಅವನ ಅಂಗಿ ತೋಳು. ಜಗಳವಾಡಿ ರ‍್ಯಾಕ್ ಕೆಡವಿದಾನೆ ಅಂತಲೇ ಅವರ ಲೆಕ್ಕಾಚಾರ. ಒಂಬತ್ತು ದಿನ ಒಳಗಿಟ್ಟರು. ಇವನು ಇದ್ದದ್ದನ್ನ ಇದ್ದ ಹಾಗೆ ಹೇಳಿದ, ಅವರು ನಕ್ಕರು. ಅತ್ತಿಗೆ ದಿನಾ ಸ್ಟೇಷನ್ ಬಾಗಿಲಲ್ಲಿ ಕೂತು ಬರ್ತಿದ್ದರು.

ಹತ್ತನೇ ದಿನ ಕಂಟ್ರಾಕ್ಟರ್‌ಗೆ ಪ್ರಜ್ಞೆ ಬಂತು. ಬಾಯಿಲ್ಲ, ಬಲಗೈ ತೆಗೆದಿದ್ದರು. ಎಡಗೈಗೆ ಪೆನ್ನು ಕೊಟ್ಟರು. ಮಕ್ಕಳ ಅಕ್ಷರದಲ್ಲಿ ಮೂರು ಸಾಲು ಬರೆದ. ಅವನು ಹೊಡೆದಿಲ್ಲ. ಎಳೆದು ಉಳಿಸೋಕೆ ನೋಡಿದ. ಹಳೇ ಬೋಲ್ಟ್ ನಾನು ಹಾಕಿದ್ದು. ಮೂರನೇ ಸಾಲು ಪೊಲೀಸರಿಗೆ ತಿಳೀಲಿಲ್ಲ, ಏಣಿಯಣ್ಣನೇ ಬಿಡಿಸಿ ಹೇಳಬೇಕಾಯ್ತು: ಹಿಂದೊಮ್ಮೆ ಅಲ್ಲೇ ಬೋಲ್ಟ್ ಇಲ್ಲದ ರ‍್ಯಾಕ್ ಫಿಟ್ಟರ್ ಮೇಲೆ ಬಿದ್ದಿತ್ತು, ಬೋಲ್ಟ್ ಮೊದಲೇ ಇತ್ತು ಅಂತ ತೋರಿಸೋಕೆ ಕಂಟ್ರಾಕ್ಟರ್ ಆಮೇಲೆ ಹಾಕಿದ್ದ. ಸತ್ತ ಫಿಟ್ಟರ್‌ನ ಹೆಂಡತಿಯನ್ನ ಹುಡುಕಿ ಕರೆಸಿದರು. ಗಂಡ ತನ್ನ ತಪ್ಪಿನಿಂದಲೇ ಸತ್ತ ಅಂತ ನಾಲ್ಕು ವರ್ಷ ಎಲ್ಲರ ಬಾಯಿಂದ ಕೇಳಿಸ್ಕೊಂಡಿದ್ದ ಹೆಂಗಸು. ಆ ಚೀಟಿಯನ್ನ ಎರಡು ಸಲ ಓದಿದಳಂತೆ. ಅಳಲಿಲ್ಲ. "ಇದನ್ನ ನನಗೆ ಕೊಡ್ತೀರಾ?" ಅಂತ ಕೇಳಿದಳಂತೆ.

ಆಂಬುಲೆನ್ಸ್ ಓಡಿಸಿದವನು ಹೇಳಿಕೆ ಕೊಡೋಕೆ ಬಂದಾಗ ನಾನೂ ಸ್ಟೇಷನ್ನಿನಲ್ಲೇ ಇದ್ದೆ, ಅತ್ತಿಗೆಯ ಜೊತೆ. ವಾಚ್‌ಮನ್ ತಾನು ಫೋನ್ ಮಾಡಿಲ್ಲ ಅಂತ ಆಗಲೇ ಬರೆದುಕೊಟ್ಟಿದ್ದ. ರ‍್ಯಾಕ್ ಬಿದ್ದು ಲೈನ್ ಕಟ್ಟಾಗಿದ್ದು ಎರಡು ಗಂಟೆ ಎರಡು ನಿಮಿಷಕ್ಕೆ, ಅದು ಮೆಷೀನಿನಲ್ಲೇ ದಾಖಲಾಗಿದೆ. ಡ್ರೈವರ್ ತನ್ನ ಪುಸ್ತಕ ತೆಗೆದು ಓದಿದ. ಫೋನ್ ಬಂದಿದ್ದು ಒಂದು ಗಂಟೆ ಹತ್ತು ನಿಮಿಷಕ್ಕೆ. ಗಂಡಸಿನ ದನಿ, ತುಂಬಾ ಮೆಲ್ಲಗೆ. ನೆಲಮಾಳಿಗೆ, ಒಬ್ಬ ಗಂಡಸು, ದವಡೆ ಹೋಗಿದೆ, ಬಲಗೈ ಹೋಗಿದೆ.

ಆ ಹೊತ್ತಿನಲ್ಲಿ ಏಣಿಯಣ್ಣ, ಕಂಟ್ರಾಕ್ಟರ್ ಇಬ್ಬರೂ ಮೇಲೆ ಕೂತು ಟೀ ಕುಡೀತಿದ್ದರು. ಆ ಪುಸ್ತಕ ನಾನೇ ಕಣ್ಣಾರೆ ನೋಡಿದೀನಿ. ನೀಲಿ ಇಂಕಿನಲ್ಲಿ ಬರೆದಿತ್ತು, ತಿದ್ದಿರಲಿಲ್ಲ.