ಬಾಚಣಿಗೆ ಮಾವನ ಜುಟ್ಟು

ಆ ವರ್ಷ ಮಳೆ ಹಿಡಿದುಕೊಂಡದ್ದು ಸರಿಯಾಗಿ ನೂಲು ತೆಗೆಯುವ ಹೊತ್ತಿಗೆ. ಗೂಡಿನೊಳಗಿನ ಹುಳ ಚಿಟ್ಟೆಯಾಗಿ ರೇಷ್ಮೆಯನ್ನು ತೂತು ಮಾಡುವ ಮೊದಲೇ ಕೆಲಸ ಮುಗಿಯಬೇಕು. ಮಳೆ ಅಂತ ಮನೆಯಲ್ಲಿ ಕೂತರೆ ವರ್ಷದ ದುಡಿಮೆಯೇ ಹೋಯಿತು. ಹಾಗಾಗಿ ನಮ್ಮ ಜೋಡಿಸೇತುವೆ ಊರಿನ ಹೆಂಗಸರೆಲ್ಲ ಕಾಲುವೆ ದಂಡೆಯ ಚಪ್ಪರದಲ್ಲಿ ಸೇರಿ, ಕುದಿಯುವ ಬಾಣಲೆಗಳ ಮುಂದೆ ಕೂತಿದ್ದೆವು. ಬೆಳಿಗ್ಗೆಯಿಂದ ಬಿಸಿನೀರಿನಲ್ಲಿ ಅದ್ದಿದ ಬೆರಳುಗಳು ಸುಕ್ಕುಗಟ್ಟಿದ್ದವು. ಹೊತ್ತು ಮುಳುಗುತ್ತಿತ್ತು, ಆದರೆ ಕೆಲಸ ಇನ್ನೂ ಅರ್ಧ ಉಳಿದಿತ್ತು.

ನನ್ನ ಗಂಡ ಆಶುನ್ ಮಳೆಗೆ ಹುಲ್ಲಿನ ಗೊರಬು ಹೊದ್ದು ಸೌದೆ ಹೊತ್ತು ತಂದ. ಹೊರೆ ಇಳಿಸಿ, ಗೊರಬು ತೆಗೆದು ನೀರು ಕೊಡವಿಕೊಂಡು, ಒಲೆಗೆ ಎರಡು ಕೊರಡು ತಳ್ಳಿ, ಮತ್ತೆ ಹೊದ್ದು ಹೊರಟ. ಆ ವಸಂತದಲ್ಲಿ ನಮ್ಮ ಮಾವ ತೀರಿಕೊಂಡ ಮೇಲೆ ಅವನು ಹೀಗೇ, ಮಾತು ಕಮ್ಮಿ, ಮಧ್ಯಾಹ್ನವಾದರೆ ಎಲ್ಲೆಂದರಲ್ಲಿ ನಿದ್ದೆ. ಗೂಡು ಕೆದಕಿ ನೂಲಿನ ತುದಿ ಹುಡುಕುತ್ತಿದ್ದ ಯಾನ್ ಅಜ್ಜಿ ಕೈ ನಿಲ್ಲಿಸಿ, ಅವನು ಸೇತುವೆ ದಾಟುವ ತನಕ ಅವನ ಬೆನ್ನನ್ನೇ ನೋಡಿದಳು.

"ಅಜ್ಜಿ, ನಿದ್ದೆ ಬರ್ತಿದೆ. ಏನಾದ್ರೂ ಹೇಳು," ಅಂದಳು ಯಾರೋ.

"ಹೇಳಿದ್ರೆ ನಿದ್ದೆ ಬರೋದೇ ಇಲ್ಲ, ಆಗ ನನ್ನ ಬಯ್ಯೋದಲ್ಲ," ಅಂದಳು ಅಜ್ಜಿ. ತಲೆಗೆ ಯಾವತ್ತೂ ಬಿಚ್ಚದ ಕಪ್ಪು ವಸ್ತ್ರವನ್ನು ಬಿಗಿ ಮಾಡಿಕೊಂಡಳು. "ಕೈ ನಿಲ್ಲಿಸ್ಬೇಡಿ. ನೂಲು ಕಡಿದ್ರೆ ನಿಮ್ಮ ಅತ್ತೆಯಂದಿರು ನನ್ನ ಜನ್ಮ ಜಾಲಾಡ್ತಾರೆ."

ಹೀಗೆ ಶುರು ಮಾಡಿದಳು.

"ನೀವೆಲ್ಲ ಕಣ್ಣು ಬಿಟ್ಟಾಗಿಂದ ಗಂಡಸರ ಮುಂದಲೆ ಬೋಳು, ಹಿಂದೆ ಉದ್ದ ಜಡೆ ನೋಡಿದೋರು. ಗಂಡಸು ಹುಟ್ಟೋದೇ ಹಿಂಗೆ ಅನ್ಕೊಂಡಿದೀರಿ, ಅಲ್ವಾ? ನಾನು ಮದುವೆಯಾಗಿ ಈ ಊರಿಗೆ ಬಂದಾಗ ಒಬ್ಬನಿಗೂ ಜಡೆ ಇರ್ಲಿಲ್ಲ ಕಣ್ರೇ. ಎಲ್ರಿಗೂ ತಲೆ ತುಂಬ ಕೂದಲು, ನೆತ್ತಿ ಮೇಲೆ ಜುಟ್ಟು, ಜುಟ್ಟಿಗೊಂದು ಮರದ ಕಡ್ಡಿ. ಆ ಕಡ್ಡಿ, ಬಾಚಣಿಗೆ ಮಾಡೋ ಮನೆಗೇ ನಾನು ಸೊಸೆಯಾಗಿ ಬಂದಿದ್ದು. ಊರೆಲ್ಲ ನಮ್ಮ ಮಾವನ್ನ ಬಾಚಣಿಗೆ ಚಿಯು ಅಂತಿದ್ರು. ಆತನ ಬಾಚಣಿಗೆ ತಲೆ ಮೇಲೆ ಓಡಿದ್ರೆ ಎಳೆತಾನೂ ಇಲ್ಲ, ನೋವೂ ಇಲ್ಲ. ಅಂಥಾ ಕೈ.

"ಆಮೇಲೆ ಮಿಂಗ್ ದೊರೆತನ ಬಿತ್ತು. ಉತ್ತರದಿಂದ ಮಂಚು ಪಡೆ ಬಂತು, ನಾನ್‌ಜಿಂಗ್ ಅವರ ಕೈಗೆ ಹೋಯ್ತು, ಅದಾದ ತಿಂಗಳಲ್ಲೇ ಹುಕುಂ... ಗಂಡಸರೆಲ್ಲ ಮುಂದಲೆ ಬೋಳಿಸಿ ಅವರ ಥರ ಜಡೆ ಬಿಡ್ಬೇಕು, ಇಲ್ಲ ಅಂದ್ರೆ ತಲೆ ಇರಲ್ಲ. ಅಪ್ಪ ಅಮ್ಮ ಕೊಟ್ಟ ಕೂದಲು, ಅದನ್ನ ಹಂಗೇ ಮಣ್ಣಿಗೆ ತಗೊಂಡು ಹೋಗ್ಬೇಕು ಅಂತ ನಂಬಿದ್ದ ಜನ ಕಣ್ರೇ ನಾವು. ಅಕ್ಕಪಕ್ಕದ ಊರುಗಳಲ್ಲಿ ಒಪ್ಪದೇ ಇದ್ದೋರು ಎಷ್ಟು ಜನ ಹೋದ್ರೋ, ಕಾಲುವೆಯಲ್ಲಿ ದೋಣಿ ಮುಂದಕ್ಕೆ ಹೋಗ್ತಿರ್ಲಿಲ್ಲ. ನಮ್ಮೂರಿಗೂ ಕ್ಷೌರದವನು ಬಂದ, ಹೆಗಲ ಮೇಲೆ ಅಡ್ಡೆ, ಒಂದು ಕಡೆ ನೀರಿನ ಬೋಗುಣಿ, ಇನ್ನೊಂದು ಕಡೆ ಉದ್ದದ ಕಂಬ. ಕಂಬ ಯಾಕೆ ಅಂತ ಯಾರೂ ಕೇಳ್ಲಿಲ್ಲ.

"ನಮ್ಮ ಮಾವನಿಗೆ ಇಬ್ರು ಮಕ್ಕಳು. ದೊಡ್ಡವನು ಬೋಹೆಂಗ್, ನನ್ನ ಭಾವ. ಚಿಕ್ಕವನು ಜೋಂಗ್‌ಮಿನ್, ನನ್ನ ಗಂಡ. ಇಬ್ರನ್ನೂ ಒಂದ್ಸಲ ನೋಡಿದ, ಆಮೇಲೆ ತಾನೇ ಮೊದಲು ಹೋಗಿ ಕ್ಷೌರದ ಕತ್ತಿ ಕೆಳಗೆ ತಲೆ ಕೊಟ್ಟ. ಅಳ್ಲಿಲ್ಲ, ಬಯ್ಲಿಲ್ಲ. ಬಿದ್ದ ಕೂದಲನ್ನೆಲ್ಲ ಆಯ್ದು ಒಂದು ಬಟ್ಟೆ ಚೀಲಕ್ಕೆ ತುಂಬ್ಕೊಂಡ. ಆವತ್ತೇ ಒಂದು ಕಡ್ಡಿ ಕೆತ್ತಿದ. ಊರಲ್ಲಿ ಕಡ್ಡಿ ಸಿಗಿಸೋಕೆ ಜುಟ್ಟೇ ಇಲ್ಲ, ಯಾರಿಗೆ ಅದು? ಕೇಳಿದ್ರೆ ಅಂದ, 'ಬದುಕಿರೋ ತನಕ ತಲೆ ಬಗ್ಗಿಸ್ತೀನಿ. ಸತ್ತ ಮೇಲೆ ಬಗ್ಗಿಸ್ಬೇಡಿ. ಈ ಕೂದಲು ಸೇರಿಸಿ ಜುಟ್ಟು ಕಟ್ಟಿ, ಕಡ್ಡಿ ಸಿಗಿಸಿ, ಆಮೇಲೆ ಶವಪೆಟ್ಟಿಗೆಗೆ ಮೊಳೆ ಹೊಡೀರಿ. ಇಲ್ಲಾಂದ್ರೆ ಅಲ್ಲಿ ನಮ್ಮಪ್ಪನಿಗೆ ನನ್ನ ಗುರುತು ಹತ್ತಲ್ಲ.'

"ಆಗ ಎಷ್ಟೋ ಮನೆಗಳಲ್ಲಿ ಹಂಗೇ ಮಾಡ್ತಿದ್ರು, ಗುಟ್ಟಾಗಿ. ಬದುಕಿದ್ದೋರು ಶರಣು, ಸತ್ತೋರು ಶರಣಾಗಿಲ್ಲ ಅಂತ ಲೆಕ್ಕ.

"ಮಾವ ಆಮೇಲೆ ಬಹಳ ವರ್ಷ ಬದುಕಿದ. ಹೋಗಿದ್ದು... ಸಮುದ್ರದ ಕಡೆಯಿಂದ ಹಳೇ ಮಿಂಗ್ ಪಕ್ಷದ ಹಡಗುಗಳು ದೊಡ್ಡ ನದಿಗೆ ನುಗ್ಗಿದ್ವಲ್ಲ, ಆ ವರ್ಷ. ಊರೂರಲ್ಲೂ ಗುಮಾನಿ. ಮನೆಯಲ್ಲಿ ಸಾವಾದ್ರೂ ಊರ ಮುಖಂಡನ ಆಳು ಬಾಗಿಲಲ್ಲಿ ನಿಂತಿರ್ತಿದ್ದ. ಸತ್ತ ಅಪ್ಪನ ತಲೆ ಬಾಚೋದು ಹಿರೀ ಮಗನ ಹಕ್ಕು, ಬೇರೆ ಯಾರೂ ಒಳಗೆ ಹೋಗೋ ಹಾಗಿಲ್ಲ. ಹೆಂಗಸರು ನಾವು ಹೊರಗೆ ಅಳ್ತಾ ಕೂತಿದ್ವಿ. ಭಾವ ಚೀಲ ಹಿಡ್ಕೊಂಡು ಒಳಗೆ ಹೋದ, ಬೆವರು ಒರಸ್ಕೊಂಡು ಹೊರಗೆ ಬಂದ. 'ಆಯ್ತು' ಅಂದ. ಮೊಳೆ ಹೊಡೆದ್ರು. ಗೋರಿಗೆ ಒಳ್ಳೇ ಜಾಗ ಸಿಗೋ ತನಕ ಪೆಟ್ಟಿಗೇನ ಹಿಪ್ಪುನೇರಳೆ ತೋಟದ ಅಂಚಲ್ಲಿ, ಹುಲ್ಲಿನ ಮಾಡಿನ ಕೆಳಗಿಟ್ರು. ಎಲ್ರೂ ಇಡೋ ಹಾಗೆ."

ನನಗೆ ನಮ್ಮ ತೋಟದ ಅಂಚು ನೆನಪಾಯಿತು. ನಮ್ಮ ಮಾವನ ಪೆಟ್ಟಿಗೆಯೂ ಹಾಗೇ ಅಲ್ಲೇ ಇತ್ತು. ಅಜ್ಜಿ ನನ್ನ ಕಡೆ ನೋಡಲಿಲ್ಲ.

"ಸತ್ತೋರು ಮನೆ ನೋಡೋಕೆ ಬರೋ ದಿನ ಬಂತು. ಊಟ ಇಟ್ಟು, ನೆಲಕ್ಕೆಲ್ಲ ಬೂದಿ ಹರಡಿ, ಬಾಗಿಲು ಎಳ್ಕೊಂಡು ಪಕ್ಕದ ಮನೆಗೆ ಹೋದ್ವಿ. ಬೆಳಿಗ್ಗೆ ಬಂದು ನೋಡಿದ್ರೆ... ಹೊಸಲಿಂದ ಒಳಗೆ ಬಂದ ಹೆಜ್ಜೆ ಇದೆ, ಹಿರೀಕರ ಹೆಸರಿನ ಹಲಗೆಗಳ ಮುಂದೆ ನಿಂತಿದೆ, ಅಲ್ಲಿ ಮಂಡಿ ಊರಿದ ಗುರುತಿದೆ. ಒಂದ್ಸಲ ಅಲ್ಲ, ಮತ್ತೆ ಮತ್ತೆ ಊರಿ ಬೂದಿಯೆಲ್ಲ ಕದಡಿ ಹೋಗಿದೆ. ಅಲ್ಲಿಂದ ಹೆಜ್ಜೆ ತಿರುಗಿ ಬಾಚಣಿಗೆ ಮಾಡೋ ಕೋಣೆಗೆ ಹೋಗಿದೆ. ಹೊರಗೆ ಹೋದ ಹೆಜ್ಜೆ? ಹುಡುಕಿದ್ವಿ. ಇಲ್ಲ.

"ಆವತ್ತಿಂದ ಮಧ್ಯಾಹ್ನ ಊಟ ಆಗಿ ಗಂಡಸರು ಅಡ್ಡಾದ್ರೆ ಆ ಕೋಣೆಯಿಂದ ಬಾಚೋ ಸದ್ದು. ನಿಧಾನವಾಗಿ, ಸಿಕ್ಕು ಬಿಡಿಸೋ ಹಾಗೆ. ಹೋಗಿ ನೋಡಿದ್ರೆ ಯಾರೂ ಇಲ್ಲ. ದೆವ್ವ ಅಂದ್ರೆ ನಡುರಾತ್ರೀಲಿ ಬರತ್ತೆ ಅಂತಾರಲ್ಲ, ಯಾರು ಹೇಳಿದ್ರೋ. ನಮ್ಮ ಮಾವ ಹಗಲು ಕೆಲಸ ಮಾಡ್ತಿದ್ದೋನು, ಹಗಲೇ ಬಂದ. ಮೊದಲು ಭಾವನ ಜಡೆ ಸಣ್ಣಗಾಯ್ತು. ಸೊಂಟ ಮುಟ್ತಿದ್ದ ಜಡೆ ಬೆನ್ನಿಗೆ ಬಂತು, ಬೆನ್ನಿಂದ ಕತ್ತಿಗೆ. ಅವನು ಕರಿ ರೇಷ್ಮೆ ದಾರ ಹೆಣೆದು ಉದ್ದ ಮಾಡ್ಕೊಂಡು ಬಾಯ್ಮುಚ್ಕೊಂಡು ಓಡಾಡ್ತಿದ್ದ. ಆಮೇಲೆ ನನ್ನ ಗಂಡಂದು ಶುರುವಾಯ್ತು. ಕತ್ತರಿಸಿದ ಹಾಗಲ್ಲ ಕಣ್ರೇ, ಯಾರೋ ಒಂದೊಂದೇ ಎಳೆ ಬಿಡಿಸ್ಕೊಂಡು ಹೋದ ಹಾಗೆ... ನಾವೀಗ ಗೂಡಿಂದ ನೂಲು ತೆಗೀತಿದೀವಲ್ಲ, ಹಂಗೆ. ಜಡೆ ಇಲ್ಲದ ಗಂಡಸು ಅಂದ್ರೆ ಬಂಡಾಯದವನು. ಸಿಕ್ಕಿದ್ರೆ ತಲೆ ಹೋಯ್ತು. ನನ್ನ ಹೊಟ್ಟೇಲಿ ಆಗ ನನ್ನ ಕೊನೇ ಮಗಳು.

"ಒಂದು ಮಧ್ಯಾಹ್ನ ನನ್ನ ಗಂಡ ಮಲಗಿದಾಗ ಪಕ್ಕದಲ್ಲಿ ಕೂತು, ಜಡೆ ತುದೀನ ಮುಷ್ಟೀಲಿ ಬಿಗಿಯಾಗಿ ಹಿಡ್ಕೊಂಡೆ. ಮಳೆ, ಹಿಂಗೇ. ಸ್ವಲ್ಪ ಹೊತ್ತಿಗೆ ಜಡೆ ಎಳೆದಂಗಾಯ್ತು. ಜೋರಾಗಲ್ಲ... ಸಿಕ್ಕಾದಾಗ ಬಾಚಣಿಗೆ ನಿಲ್ಲತ್ತಲ್ಲ, ಅಷ್ಟೇ. ತಲೆ ಎತ್ತಿ ನೋಡಿದ್ರೆ ಮಾವ ಮಣೆ ಮೇಲೆ ಕೂತಿದಾನೆ. ಬೆನ್ನು ನನ್ನ ಕಡೆ, ಮುಖ ಗೋಡೆ ಕಡೆ. ತಿರುಗ್ಲಿಲ್ಲ. ಬದುಕಿದ್ದಾಗ ಮಾತಾಡ್ತಿದ್ದ ದನೀಲೇ ಅಂದ, 'ಬಿಡಮ್ಮ. ಇನ್ನೊಂದು ಹಿಡಿ ಬೇಕು. ಒಳಗೆ ಬಿಡ್ತಿಲ್ಲ. ಇವನ್ಯಾರೋ ಉತ್ತರದವನು ಅಂತಾರೆ ನಮ್ಮಪ್ಪ.'

"ಹೆದರಿಕೆ ಆಯ್ತಾ ಅಂತ ಕೇಳ್ತೀರಿ. ಆಯ್ತು. ಆದ್ರೆ ಅದಕ್ಕಿಂತ ಜಾಸ್ತಿ ಸಂಕಟ ಆಯ್ತು. ತನ್ನ ಅಪ್ಪನ ಬಾಗಿಲಲ್ಲಿ ನಿಂತು ಮಂಡಿ ಊರಿ ಊರಿ ಬೇಡಿಕೊಂಡ ಮುದುಕ ಕಣ್ರೇ ಅವನು.

"ಅವತ್ತೇ ಸಂಜೆ ಡಂಗುರ. ನಾಳೆ ಬೆಳಿಗ್ಗೆ ಊರ ಗಂಡಸರೆಲ್ಲ ದೇವಸ್ಥಾನದ ಅಂಗಳದಲ್ಲಿ ನಿಲ್ಬೇಕು. ಹಡಗು ಬಂತು, ಹಳೇ ದೊರೆತನ ವಾಪಸ್ ಬಂತು ಅಂತ ನಂಬಿ ಜಡೆ ಕತ್ತರಿಸಿದೋರು ಸುಳ್ಳು ಜಡೆ ಕಟ್ಕೊಂಡಿದಾರಂತೆ, ಸಿಪಾಯಿಗಳು ಎಳೆದು ನೋಡ್ತಾರಂತೆ. ನನ್ನ ಗಂಡನ ಜಡೆ ಆಗ ಎಷ್ಟಿತ್ತು? ನನ್ನ ಕಿರುಬೆರಳಷ್ಟು.

"ಸೀದಾ ಹೋಗಿ ಭಾವನ ಮುಂದೆ ನಿಂತೆ. 'ಮಾವನ ತಲೆ ನೀವು ಹೆಂಗೆ ಬಾಚಿದ್ರಿ?' ಅಂದೆ. ಮೊದಲು ರೇಗಿದ, 'ಹೆಂಗಸಿಗೆ ಯಾಕೆ ಅದೆಲ್ಲ?' ಅಂತ. ಆಮೇಲೆ ಬಾಯಿ ಬಿಟ್ಟ. 'ಬಾಗಿಲಲ್ಲಿ ಆ ಆಳು ನಿಂತಿದ್ದ ಕಣಮ್ಮ. ಹೆದ್ರಿಬಿಟ್ಟೆ. ಸತ್ತೋರಿಗೇನು ಗೊತ್ತಾಗತ್ತೆ ಅನ್ಕೊಂಡೆ. ಜಡೇಲೇ ಮಲಗಿಸ್ಬಿಟ್ಟೆ. ಚೀಲಾನ ಒಲೆಗೆ ಹಾಕ್ದೆ.'

"ಒಲೆಗೆ... ಕೇಳಿದ್ರಾ? ಆ ಮುದುಕ ಜೋಪಾನ ಮಾಡಿದ್ದನ್ನ.

"ಕಡ್ಡಿ ಮಾತ್ರ ಬಾಚಣಿಗೆ ಕೋಣೆಯ ಗೋಡೆಗೂಡಲ್ಲಿ ಹಂಗೇ ಇತ್ತು. ಅದನ್ನೂ ಒಂದು ಕತ್ತರೀನೂ ತಗೊಂಡು, ಗಂಡನ್ನ ಕರ್ಕೊಂಡು, ಆ ಮಳೇಲೇ ತೋಟಕ್ಕೆ ನಡೆದೆ. ಭಾವನೂ ಹಿಂದೆ ಬಂದ, ದೂರದಲ್ಲಿ. ಅಪ್ಪನ ಪೆಟ್ಟಿಗೆ ತೆಗೆದ ಮಗನಿಗೂ ತಲೆ ಹೋಗೋ ಶಿಕ್ಷೆನೇ, ಗೊತ್ತಲ್ಲ? ಅದಕ್ಕೇ ಮೊಳೆ ನಾನೇ ಎತ್ತಿದೆ. ಮುಚ್ಚಳ ಸರಿಸಿದ್ವಿ.

"ಮೊಳೆ ಹೊಡೆಯೋವಾಗ ಮಾವನ ತಲೆಗೆ ಬಟ್ಟೆ ಮುಚ್ಚಿತ್ತು, ಎರಡೂ ಕೈ ಎದೆ ಮೇಲಿತ್ತು, ಎಲ್ರೂ ನೋಡಿದೀವಿ. ಈಗ ಬಟ್ಟೆ ಸರಿದಿದೆ, ಬಲಗೈ ತಲೆ ಮೇಲಿದೆ. ನೆತ್ತೀಲಿ ಒಂದು ಜುಟ್ಟು, ಕರೀ ಕೂದಲಿಂದು, ಮಕ್ಕಳಿಬ್ರ ಕೂದಲಿಂದು. ಚೆನ್ನಾಗಿ ಬಾಚಿದ್ದ, ಆದ್ರೆ ಕಡ್ಡಿ ಇಲ್ಲವಲ್ಲ... ಬಿಚ್ಚಿಹೋಗದ ಹಾಗೆ ಕೈಯಲ್ಲೇ ಅದುಮಿ ಹಿಡ್ಕೊಂಡಿದ್ದ.

"ಗಂಡಸರ ಕೂದಲಿಗೆ ಹುಕುಂ ಬಂದಿತ್ತು. ಹೆಂಗಸರ ಕೂದಲಿಗೆ ಯಾವ ದೊರೆಯೂ ಹುಕುಂ ಹೊರಡಿಸಿರ್ಲಿಲ್ಲ. ನಮ್ಮ ತಲೆ ಹೆಂಗಿತ್ತೋ ಹಂಗೇ ಇತ್ತು. ನಾನು ಗಂಟು ಬಿಚ್ಚಿ ಬುಡಕ್ಕೆ ಕತ್ತರಿ ಇಟ್ಟೆ. 'ಮಾವ, ಇದು ಯಾರಿಗೂ ಬಗ್ಗದ ಕೂದಲು. ತಗೊಳ್ಳಿ. ನನ್ನ ಗಂಡಂದು ಕೊಡಿ' ಅಂದೆ. ನನ್ನ ಗಂಡ ಕಣ್ಣು ಮುಚ್ಕೊಂಡಿದ್ದ, ನಾನು ಮುಚ್ಲಿಲ್ಲ. ಮಾವನ ಕೈ ಸಡಿಲ ಆಯ್ತು. ನನ್ನ ಗಂಡನ ಕೂದಲು ಬಿಡಿಸ್ಕೊಂಡು, ನನ್ನ ಕೂದಲು ಸುತ್ತಿ ಜುಟ್ಟು ಕಟ್ಟಿ ಕಡ್ಡಿ ಸಿಗಿಸಿದೆ. ಆ ಕೈ ತಾನಾಗೇ ಇಳಿದು ಎದೆ ಮೇಲೆ ಹೋಗಿ ಕೂತ್ಕೊಂಡ್ತು.

"'ನಿಮ್ಮದೂ ತಗೊಳ್ಳಿ ಭಾವ' ಅಂದೆ. 'ಹೆಣದ ತಲೆ ಮೇಲಿದ್ದಿದ್ದು ನನಗೆ ಬೇಡ' ಅಂದುಬಿಟ್ಟ. ದಾರದ ಜಡೆ ಸಾಕು ಅಂತ ಹೊರಟೇ ಹೋದ.

"ಬೆಳಗಾಗೋ ತನಕ ಗಂಡನ ಕೂದಲನ್ನ ಎಳೆ ಎಳೆಯಾಗಿ ಅವನ ಜಡೆಗೇ ಹೆಣೆದೆ, ಹಸೀ ರೇಷ್ಮೆ ಹಾಕಿ. ಅಂಗಳದಲ್ಲಿ ಸಿಪಾಯಿ ಕೈಗೆ ಸುತ್ಕೊಂಡು ಎಳೆದ. ತಲೆ ಹಿಂದಕ್ಕೆ ಹೋಯ್ತು, ಜಡೆ ಹಂಗೇ ಇತ್ತು. ಪಕ್ಕದಲ್ಲಿ ಭಾವ. ಎಳೆದ... ಜಡೆ ಸಿಪಾಯಿ ಕೈಗೇ ಬಂತು. ನಮ್ಮನೆ ದುಃಖ ಅದು, ಅದನ್ನ ನಾನು ಹೇಳಲ್ಲ. ಆ ಕ್ಷೌರದವನ ಕಂಬದ ತುದೀಲಿ ಏನು ತೂಗ್ತಾರೆ ಅಂತ ಆವತ್ತು ಊರಿಗೆಲ್ಲ ಗೊತ್ತಾಯ್ತು."

ಅಜ್ಜಿ ತಲೆಯ ಕಪ್ಪು ವಸ್ತ್ರ ಬಿಚ್ಚಿದಳು. ನಾವ್ಯಾರೂ ನೋಡಿರದ ಅವಳ ತಲೆಯಲ್ಲಿ ಬೆರಳಗಲ ಬಿಳಿ ಕೂದಲು, ಅಷ್ಟೇ. "ಆಮೇಲೆ ಬೆಳೀಲೇ ಇಲ್ಲ. ಬೆಳೆದಿದ್ದೆಲ್ಲ ಅಲ್ಲಿಗೇ ಹೋಗತ್ತೋ ಏನೋ," ಅಂದಳು. "ನಾನು ತೆಗೆದಿದ್ದು ಒಂದು ಪೆಟ್ಟಿಗೆ. ಈ ಊರಿನ ತೋಟಗಳ ಅಂಚಲ್ಲಿ ಹೆದರಿಕೆಯಿಂದ ಮೊಳೆ ಹೊಡೆದಿದ್ದು ಎಷ್ಟಿವೆ? ಈಗ ಅಂಗಳಕ್ಕೆ ಕರೆದು ಎಳೆದು ನೋಡೋರಿಲ್ಲ, ನಿಜ. ಆದ್ರೆ ಜಡೆ ಇಲ್ಲದ ಗಂಡಸಿಗೆ ಇವತ್ತೂ ತಲೆ ಇರಲ್ಲ."

ಆಗ ನನ್ನ ಕಡೆ ತಿರುಗಿದಳು.

"ಮೆಯ್‌ಯುನ್, ಹೊಸ ವರ್ಷದ ದಿನ ನಿನ್ನ ಗಂಡನ ಜಡೆ ನಡುಪಟ್ಟಿ ಮುಟ್ತಿತ್ತು. ಈಗ ಗೊರಬು ತೆಗೆದಾಗ ನೋಡಿದೆ. ಹೆಗಲು ದಾಟಿಲ್ಲ. ನಿಮ್ಮ ಮಾವನ ತಲೆ ಬಾಚೋಕೆ ಒಳಗೆ ಹೋಗಿದ್ದು ಅವನೊಬ್ನೇ ಅಲ್ವಾ?"

ನನ್ನ ಕೈಯ ನೂಲು ಕಡಿಯಿತು. ಮಧ್ಯಾಹ್ನದ ಹೊತ್ತು ಮನೆಯ ಹಿಂದಿನ ಕೋಣೆಯಿಂದ ಬರುವ ಸದ್ದನ್ನು ನಾನು ಇಷ್ಟು ದಿನ ಇಲಿ ಅಂದುಕೊಂಡಿದ್ದೆ. ಅಜ್ಜಿ ನನ್ನ ಕೂದಲ ಗಂಟನ್ನು ಮೆತ್ತಗೆ ಮುಟ್ಟಿ ನೋಡಿದಳು. ಆಮೇಲೆ ಸೊಂಟದಿಂದ ಒಂದು ಹಳೆಯ ಕತ್ತರಿ ತೆಗೆದು ನನ್ನ ಬಾಣಲೆಯ ಪಕ್ಕ ಇಟ್ಟಳು.

"ಹರಿತ ಮಾಡಿಸಿಟ್ಟಿದೀನಿ," ಅಂದಳು. "ನಾಳೆ ಮಧ್ಯಾಹ್ನ ಅವನು ಮಲಗೋಕೆ ಮೊದಲೇ ತೋಟದ ಅಂಚಿಗೆ ಹೋಗು."