ರಬ್ಬರಿಗೆ ತಾಗಿದ ಎಣ್ಣೆ

ಡಾಕ್ಟರ ಕೋಣೆಯ ಹೊರಗೆ ದೇವರನ್ನು ನೆನೆಯುತ್ತ ಕುಳಿತಿದ್ದ ಅಜ್ಜಿಯ ಪಕ್ಕದಲ್ಲೇ ಗಂಡಹೆಂಡತಿ ಪಿಸುಗುಟ್ಟುತ್ತಿದ್ದರು.

"ಮಣ್ಣಲ್ಲಿ ಕರಗೋ ಕಾಂಡೋಮೇ ಬೇಕು ಅಂತ ಹಟ ಹಿಡಿದವಳು ನೀನು."

"ಅದೇನೋ ಗಟ್ಟಿಯಾಗೇ ಇತ್ತು ರೀ. ಕೊಬ್ಬರಿ ಎಣ್ಣೆ ಹಚ್ಚಿದ್ದು ಯಾರು?"

"ಅಂಗಡಿ ಜೆಲ್‌ನಲ್ಲಿ ಕೆಮಿಕಲ್ ಇರುತ್ತೆ ಅಂದೆಯಲ್ಲ, ಅದಕ್ಕೇ."

"ಎಣ್ಣೆ ತಾಗಿದ್ರೆ ರಬ್ಬರ್ ಹರಿಯುತ್ತೆ ಅಂತ ಡಬ್ಬಿ ಮೇಲೇ ಇತ್ತು. ಹರಿದಮೇಲೆ ಓದಿದ್ವಿ."

"ಬೇಗ ಬಂದಿದೀವಲ್ಲ, ಮಾತ್ರೆ ಕೊಡ್ತಾರೆ."

"ಕೆಲಸ ಮಾಡದಿದ್ರೆ? ಇನ್ನೊಂದು ಬಸಿರು ನಿಂತ್ರೆ ನಾನು ಉಳಿಯಲ್ಲ ಅಂತ ಡಾಕ್ಟರಮ್ಮ ಹಿಂದಿನ ಹೆರಿಗೇಲೇ ಹೇಳಿದಾರೆ."

"ಬಿಡ್ತು ಅನ್ನೇ!"

ನರ್ಸ್ ಅಜ್ಜಿಯನ್ನು ಕರೆದಳು. ಮಗಳನ್ನು ಅವಳ ಹೆರಿಗೆಯಲ್ಲೇ ಕಳೆದುಕೊಂಡಿದ್ದ ಅಜ್ಜಿ ಏಳಲಿಲ್ಲ.

"ನನ್ನ ಮಂಡಿನೋವು ಎಲ್ಲಿಗೂ ಓಡಿಹೋಗಲ್ಲ. ಮೊದಲು ನೀನು ಹೋಗು, ಮಗಳೇ."

ಬಾಗಿಲ ಬಳಿ ಗಂಡ ನಿಂತುಬಿಟ್ಟ. ಹೆಂಡತಿಯೇ ಅವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.